ಉದುರಿದ ಎಲೆಯಲ್ಲಿ ಕಾಣದ ಹಸಿರು

ಕಾಲುವೆ ನೀರಿನ ಹಸಿ ವಾಸನೆ ಮೂಗಿಗೆ ಬಂದರೆ ಸಾಕು, ಗೋಕಾಕದ ನಮ್ಮ ಮನೆಯ ಅಂಗಳ ಕಣ್ಣಮುಂದೆ ನಿಲ್ಲುತ್ತದೆ. ನಿಮಗೂ ಅಂಥದೊಂದು ಅಂಗಳ ಇದ್ದಿರಬೇಕು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಚಾತುರ್ಮಾಸದ ನಾಲ್ಕು ತಿಂಗಳು ಜೀವಹಿಂಸೆಯೆಂದು ಆಯಿ ಸೊಪ್ಪು ತಿನ್ನುತ್ತಿರಲಿಲ್ಲ, ಮನೆಯಲ್ಲಿ ಯಾರೂ ಒಂದೆಲೆ ಕೀಳುವಂತಿರಲಿಲ್ಲ. ಅವಳ ಮಗಳು ಪದ್ಮಾ ಅತ್ಯಾ ದಿನಾ ಬಸ್ಸು ಹತ್ತಿ ಅರಭಾವಿಗೆ ತೋಟಗಾರಿಕೆ ಕಲಿಯಲು ಹೋಗುತ್ತಿದ್ದಳು. ಅಲ್ಲಿ ಪಾಠಕ್ಕೆಂದು ಎಲೆ ಕೊಯ್ಯುತ್ತಾರೆಂದು ತಿಳಿದದ್ದೇ ಆಯಿ, "ಜೀವಾ ಕೊಯ್ಯೂ ವಿದ್ಯಾ ನಮಗ ಬ್ಯಾಡ, ಮನ್ಯಾಗಿರು" ಅಂದುಬಿಟ್ಟಳು. ಅತ್ಯಾ ಎರಡು ದಿನ ಉಣ್ಣಲಿಲ್ಲ. ಆಮೇಲೆ ಗೆಳತಿಯ ಕೈಲಿ ಸೂಕ್ಷ್ಮದರ್ಶಕ ತರಿಸಿ, "ಒಮ್ಮೆ ನೋಡವ್ವಾ, ಆಮ್ಯಾಲ ನೀ ಹೇಳಿದಂಗ" ಅಂದಳು.

ಮನೆಯ ನೇಮ ಮುರಿಯಬಾರದೆಂದು ಅವಳು ಅಂಗಳದಲ್ಲಿ ಉದುರಿದ್ದ ಪೇರಲ ಎಲೆಯನ್ನೇ ಗಾಜಿನಡಿ ಇಟ್ಟಳು. ಬರೀ ಹಳದಿ. ಆಯಿ, "ಏನೂ ಇಲ್ಲಲ್ಲ?" ಅಂದಳು. "ಉದುರೂ ಮೊದಲ ಗಿಡಾ ತನ್ನ ಹಸರ ಬಿಚ್ಚಿ ವಾಪಸ್ ತಗೋತೈತಿ. ಜೀವಂತ ಎಲಿ ಬೇಕವ್ವಾ" ಎಂದ ಅತ್ಯಾಳ ಕಣ್ಣು ತುಂಬಿದ್ದು ಕಂಡು ನಾನು ತಡೆಯಲಾರದೆ, ಆಟಕ್ಕೆಂದು ಕಾಲುವೆಯಿಂದ ಕದ್ದು ತಂದಿದ್ದ ನೀರಗಿಡದ ಬಕೆಟ್ಟು ಹೊರಗೆ ಎಳೆದೆ. ಆಯಿ ಬೈಯಲಿಲ್ಲ. ಬಕೆಟ್ಟಿನ ಮುಂದೆ ಕೂತು ಗಿಡಕ್ಕೆ ಕೈಮುಗಿದು, "ಕ್ಷಮಾ ಮಾಡವ್ವಾ" ಎಂದು ಒಂದೇ ಎಲೆ ತಾನೇ ಕಿತ್ತುಕೊಟ್ಟಳು.

ಅತ್ಯಾ ಕೆಳಗಿನ ಕನ್ನಡಿಗೆ ಬಿಸಿಲು ಹಿಡಿದಳು. ಇಣುಕಿದರೆ ಎಲೆಯ ತುಂಬ ಜೀವಕೋಶಗಳೆಂಬ ಪುಟ್ಟ ಕೋಣೆಗಳು, ಕೋಣೆ ಕೋಣೆಯಲ್ಲೂ ಹೆಸರುಕಾಳಿನಂಥ ಹಸಿರು ಕಾಳುಗಳು ಗೋಡೆಗುಂಟ ಮೆಲ್ಲಗೆ ಸುತ್ತುತ್ತಿದ್ದವು. ನಾನು ಸರಿದು ಆಯಿಗೆ ಜಾಗ ಬಿಟ್ಟೆ. "ಅಡ್ಡ್ಯಾಡಾಕತ್ತಾವ" ಎಂದು ಆಯಿ ಪಿಸುಗುಟ್ಟಿದಳು. ಇವೇ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್, ಒಂದೊಂದರೊಳಗೂ ಇನ್ನೂ ತೆಳುವಾದ ಹಾಳೆಗಳು ಒಟ್ಟಿಲು ಒಟ್ಟಿಲಾಗಿವೆ, ಈ ಗಾಜಿಗೂ ಕಾಣವು ಎಂದ ಅತ್ಯಾ ರೊಟ್ಟಿ ಬುಟ್ಟಿ ತಂದಳು. "ಹರವಿದರ ಅಂಗಳ ತುಂಬತಾವ, ಒಟ್ಟಿದರ ಬುಟ್ಟ್ಯಾಗ ಹಿಡಿತಾವ. ಸಣ್ಣ ಜಾಗಾದಾಗ ಭಾಳ ಬಿಸಲ ಹಿಡ್ಯಾಕ ಹಿಂಗ." ಆ ಹಾಳೆಗಳು ಬಿಸಿಲಿನ ಬಲದಿಂದ ನೀರನ್ನು ಒಡೆಯುತ್ತವೆ, ಸುತ್ತಲಿನ ರಸದಲ್ಲಿ ಗಾಳಿಯಿಂದ ಸಕ್ಕರೆ ಆಗುತ್ತದೆ, ನಾವು ಉಸಿರಾಡುವುದೂ ಆ ಒಡೆದ ನೀರಿನಿಂದ ಬಂದ ಆಮ್ಲಜನಕವನ್ನೇ ಎಂದಳು. ಆಯಿ ಮತ್ತೆ ಗಾಜಿಗೆ ಕಣ್ಣಿಟ್ಟಳು. "ಒಂದ ಎಲಿ ಒಂದ ಜೀವಾ ಅನ್ಕೊಂಡಿದ್ದೆ. ಇಲ್ಲಿ ಊರಿಗೂರ ದುಡ್ಯಾಕತ್ತೈತಿ" ಅಂದಳು. ಆಮೇಲೆ, "ಹೋಗು, ಕಲಿ. ಕೊಯ್ಯೂ ಮುಂದ ಗಿಡಕ್ಕ ಕೇಳಿ ಕೊಯ್ಯಿ."

ಆಯಿ ಹೋಗಿ ಎಷ್ಟೋ ವರ್ಷವಾಯಿತು, ಆ ಅಂಗಳವೂ ರಸ್ತೆಗೆ ಹೋಯಿತು. ಅವಳಿಲ್ಲದ ಸಂಕಟ ಮಾತ್ರ ಹಳೆಯದಾಗಿಲ್ಲ. ಮೊನ್ನೆ ಅತ್ಯಾಳ ಮನೆಗೆ ಹೋಗಿದ್ದೆ. ಸಾವಿರಾರು ಎಲೆ ಕೊಯ್ದು ಮಕ್ಕಳಿಗೆ ಪಾಠ ಹೇಳಿದವಳ ತಲೆ ಈಗ ನರೆತಿದೆ. ಒಗ್ಗರಣೆಗೆಂದು ಕರಿಬೇವಿನ ಗಿಡಕ್ಕೆ ಕೈ ಹಾಕುವ ಮೊದಲು ಒಂದು ಗಳಿಗೆ ನಿಂತಳು. ಅವಳ ತುಟಿ ಅಲುಗಿತು.