ಬಲಿಯಲಿ ಎಂದು ಕಾದ ಕಣ್ಣು

ಮೊದಲು ನನ್ನ ಕಣ್ಣಿಗೆ ಕಾಣದೆ ಹೋದದ್ದು ಕೊಬ್ಬರಿಯ ಮೇಲಿನ ಬೂಷ್ಟು.

ನಮ್ಮ ಮನೆಯಲ್ಲಿ ತೆಂಗಿನಕಾಯಿ ಅಟ್ಟಕ್ಕೆ ಏರಿದರೆ ವರ್ಷ ತುಂಬುವ ತನಕ ಯಾರೂ ಮುಟ್ಟುವುದಿಲ್ಲ. ಅದು ನಿಮಗೂ ಗೊತ್ತು ಮೊಮ್ಮಕ್ಕಳೇ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು, ಇಡೀ ಕೊಬ್ಬರಿ ಗಿಟುಕು ತೆಗೆಯುತ್ತಾರೆ. ಒಳ್ಳೆಯದನ್ನು ಒಂದು ಕಡೆ, ಬೂಷ್ಟು ಹಿಡಿದು ಕೌಟು ಹತ್ತಿದ್ದನ್ನು ಇನ್ನೊಂದು ಕಡೆ ಆರಿಸಿ ಹಾಕುವ ಕೆಲಸ ನನ್ನದು. ನಿಮ್ಮ ತಾತ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನ್ನದು ಅಂತ ಉಳಿದ ಜಾಗ ಆ ಗೋಣಿತಾಟು ಒಂದೇ. ಅದರ ಮೇಲೆ ಕೂತಿರುವಷ್ಟು ಹೊತ್ತು ನಾನು ಯಾರಿಗೂ ಭಾರವಲ್ಲ ಅನ್ನಿಸುತ್ತಿತ್ತು.

ಆ ಸಲ ತಿಪಟೂರಿನ ಕೊಬ್ಬರಿ ಮಂಡಿಯಿಂದ ನಿಮ್ಮಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ.

"ಒಂದು ಮೂಟೇಲಿ ಕೌಟು ಸೇರೈತೆ ಅಂತ ಮಂಡಿಯೋರು ಎಲ್ಲರೆದುರಿಗೆ ನೆಲಕ್ಕೆ ಸುರುದ್ರು ಕಣವ್ವ. ಯಾರಪ್ಪ ಆರಿಸಿದ್ದು, ಕಣ್ಣು ಕಟ್ಕೊಂಡು ಆರಿಸಿದ್ರಾ ಅಂದ್ರು."

ನನಗೆ ಆರಿಸುವಾಗ ಗಿಟುಕೆಲ್ಲ ಒಂದೇ ಬಣ್ಣಕ್ಕೆ ಕಂಡಿದ್ದವು. ಒಲೆಯ ಹೊಗೆ ಇರಬೇಕು ಅಂದುಕೊಂಡಿದ್ದೆ. ಅಂಗಳಕ್ಕೆ ಹೋದರೆ ಬಿಸಿಲಿನಲ್ಲಿ ಎಲ್ಲಕ್ಕೂ ಸುಣ್ಣ ಬಳಿದ ಹಾಗಿರುತ್ತಿತ್ತು. ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಒಂದೊಂದು ಗಿಟುಕನ್ನೂ ಮೂಗಿಗೆ ಹಿಡಿದು ಮೂಸಿ, ಬೆರಳಲ್ಲಿ ಸವರಿ ಆರಿಸತೊಡಗಿದೆ. ಆಮೇಲೆ ಮಂಡಿಯಿಂದ ದೂರು ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಆದರೆ ಒಂದು ದಿನ ನಿಮ್ಮಪ್ಪ ಎದುರಿಗೆ ನಿಂತಿದ್ದರೂ ಯಾರು ಅಂತ ಕೇಳಿಬಿಟ್ಟೆ. ಅದೇ ವಾರ ತಿಪಟೂರಿನ ಶಾಲೆಯೊಂದರಲ್ಲಿ ನಡೆದ ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋದ. ಸಣ್ಣ ವಯಸ್ಸಿನ ಡಾಕ್ಟರು. ಟಾರ್ಚು ಹಿಡಿದು ಮುಖದ ಹತ್ತಿರಕ್ಕೆ ಬಂದಾಗ ನಾನು ಸೆರಗು ಎಳೆದುಕೊಂಡೆ. ಅವರು ನಕ್ಕು, "ಸೆರಗು ಬಿಡಿ ಅಮ್ಮ, ನಾನು ನೋಡಬೇಕಾಗಿರೋದು ಕಣ್ಣನ್ನೇ," ಅಂದರು.

ಪೊರೆ ಅಂದರೆ ಹಾಲಿನ ಕೆನೆಯ ಹಾಗೆ ಕಣ್ಣಿನ ಮೇಲೆ ಕಟ್ಟುವುದು, ಅದನ್ನು ಎಳೆದು ಬಿಸಾಡುತ್ತಾರೆ ಅಂತ ತಿಳಿದಿದ್ದೆ. ಹಾಗಲ್ಲವಂತೆ. ಕಣ್ಣಿನ ಒಳಗೆ ಗಾಜಿನ ಹರಳಿನಂಥ ಲೆನ್ಸ್ ಇರುತ್ತದೆ. ವಯಸ್ಸಾದ ಮೇಲೆ ಅದೇ ಮಬ್ಬಾಗಿ ಬೆಳ್ಳಗಾಗುತ್ತದೆ. ಅದೇ ಕ್ಯಾಟರ್ಯಾಕ್ಟ್. ಯಾವ ಹನಿಗೂ ಸೊಪ್ಪಿಗೂ ಅದು ಕರಗುವುದಿಲ್ಲ. ಆಪರೇಷನ್ ಮಾಡಿ ಆ ಲೆನ್ಸನ್ನೇ ತೆಗೆಯಬೇಕು.

"ಬಲಗಣ್ಣಿಂದು ಇನ್ನೂ ಸ್ವಲ್ಪ ಬಲೀಬೇಕು. ಆರು ತಿಂಗಳಿಗೆ ಸರಿಯಾಗಿ ಬನ್ನಿ. ತಡ ಮಾಡಬೇಡಿ," ಅಂದರು.

ಬಲಿಯಬೇಕು ಅನ್ನುವುದನ್ನು ನಾವೆಲ್ಲ ಕೇಳಿಸಿಕೊಂಡೆವು. ತಡ ಮಾಡಬೇಡಿ ಅನ್ನುವುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಮನೆಯ ನಿಮ್ಮ ದೊಡ್ಡಜ್ಜ ನನಗೆ ಭಾವನವರು, ನಿಮ್ಮ ತಾತನ ಅಣ್ಣ. ಈ ಮನೆಗೆ ಬಂದು ನಲವತ್ತು ವರ್ಷವಾದರೂ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಅವರು ಜಗಲಿಗೆ ಬಂದರೆ ನಾನು ಬಾಗಿಲ ಹಿಂದೆ. ಏನಾದರೂ ಹೇಳುವುದಿದ್ದರೆ ಅವರು ನಿಮ್ಮಪ್ಪನಿಗೆ ಹೇಳುತ್ತಿದ್ದರು, ಅವನು ನನಗೆ. ಆರು ತಿಂಗಳು ತುಂಬಿದಾಗ, ಆಪರೇಷನ್ ಮಾಡಿಸೋಣವೇ ಅಂತ ನಿಮ್ಮಪ್ಪ ಅವರನ್ನು ಕೇಳಿದ.

"ಕಾಯಿ ಹಸೀದಿದ್ದಾಗ ಒಡುದ್ರೆ ಏನಾಯ್ತದೆ?" ಅಂದರು ಭಾವನವರು.

"ತಿರುಳು ಚಿಪ್ಪಿಗೆ ಅಂಟ್ಕಂಡು ಚೂರಾಯ್ತದೆ ದೊಡ್ಡಪ್ಪ."

"ಅಟ್ಟದಾಗೆ ಇನ್ನೆಲ್ಡು ತಿಂಗ್ಳು ಜಾಸ್ತಿ ಬುಟ್ರೆ?"

"ಏನೂ ಆಗಲ್ಲ."

"ಕಣ್ಣೂ ಅಂಗೇಯ ಕಣ್ಲಾ. ಚೆನ್ನಾಗಿ ಬಲೀಲಿ. ತಾನೇ ಬುಟ್ಕಂತದೆ. ನಿಮ್ಮವ್ವಂಗೆ ಹೇಳು, ಅವಸರ ಬ್ಯಾಡ ಅಂತ."

ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ ಮಕ್ಕಳೇ. ಬಾಗಿಲ ಹಿಂದೆ ನಿಂತಿದ್ದ ನನಗೂ ಅದು ಸರಿ ಅನ್ನಿಸಿತು. ಹುಟ್ಟಿದಾಗಿನಿಂದ ನಾವು ಕಂಡ ಬದುಕೇ ಅದು. ಕಾಯಿಯನ್ನು ಬೇಗ ಇಳಿಸಿ ಕೆಟ್ಟವರುಂಟು, ತಡವಾಗಿ ಇಳಿಸಿ ಕೆಟ್ಟವರನ್ನು ನಾನು ನೋಡಿರಲಿಲ್ಲ. ಒಳಗೊಳಗೇ ಕತ್ತಿಯ ಹೆದರಿಕೆಯೂ ಇತ್ತು. ಆಪರೇಷನ್ ಮುಂದೆ ಹೋಯಿತಲ್ಲ ಎಂದು ಅವತ್ತು ಎರಡು ಮುದ್ದೆ ಉಂಡೆ.

ಆರು ತಿಂಗಳು ಎರಡು ವರ್ಷವಾಯಿತು. ಬಲಗಣ್ಣಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಎಡಗಣ್ಣಿನ ಮಬ್ಬಿನಲ್ಲೇ ಓಡಾಡುತ್ತಿದ್ದೆ.

ಶಿವರಾತ್ರಿಯ ಮಾರನೆ ದಿನ ಬಲಗಣ್ಣು ನೋಯಲು ಶುರುವಾಯಿತು. ಗುಡ್ಡೆಯೊಳಗೆ ಮೊಳೆ ಹೊಡೆದ ಹಾಗೆ. ಅರ್ಧ ತಲೆ ಸಿಡಿಯಿತು. ವಾಂತಿಯಾಯಿತು. ಪಿತ್ತ ಅಂದರು. ನೆತ್ತಿಗೆ ಹರಳೆಣ್ಣೆ ಒತ್ತಿದರು. ಬಾಣಂತಿಯೊಬ್ಬಳ ಎದೆಹಾಲು ತಂದು ಕಣ್ಣಿಗೆ ಬಿಟ್ಟರು. ನಂದಿಬಟ್ಟಲು ಹೂವಿಟ್ಟು ಬಟ್ಟೆ ಕಟ್ಟಿದರು. ಹೀಗೇ ಮೂರು ದಿನ ಕಳೆಯಿತು. ನಾಲ್ಕನೆಯ ದಿನ ನಿಮ್ಮಮ್ಮ ಕಟ್ಟಿದ ಬಟ್ಟೆ ಬಿಚ್ಚಿ ನೋಡಿದವಳು, ಅಡುಗೆಯನ್ನು ಹಾಗೇ ಬಿಟ್ಟು ಸೀರೆ ಬದಲಾಯಿಸಿದಳು. "ದೊಡ್ಡ ಮಾವ ಏನಾರ ಅಂದ್ಕಳ್ಳಿ. ಏಳಿ ಅತ್ತೆ, ಬಸ್ಸಿಗೆ ಹೊತ್ತಾಯ್ತು," ಅಂದಳು.

ತುಮಕೂರಿನ ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರು ಬಹಳ ಹೊತ್ತು ನೋಡಿದರು.

"ಇಷ್ಟು ದಿನ ಏನು ಮಾಡ್ತಿದ್ರಿ ಅಮ್ಮ?"

"ಬಲೀಲಿ ಅಂತ ಕಾಯ್ತಿದ್ವಿ," ಅಂದಳು ನಿಮ್ಮಮ್ಮ.

ಡಾಕ್ಟರು ಟಾರ್ಚು ಆರಿಸಿದರು. ಪೊರೆ ಬಲಿಯಬೇಕಾದ್ದಕ್ಕಿಂತ ಮೀರಿ ಬಲಿತು, ಕರಗಿ, ಕಣ್ಣಿನೊಳಗೇ ಸೋರಿದೆ ಅಂದರು. ಅದರಿಂದ ಒಳಗೆ ಪ್ರೆಷರ್ ಏರಿ ನೋಟದ ನರ ಸತ್ತಿದೆಯಂತೆ. ಆಪರೇಷನ್ ಮಾಡಿದರೆ ನೋವು ನಿಲ್ಲುತ್ತದೆ. ನೋಟ ಬರುವುದಿಲ್ಲ.

ಮಾಡಿದರು. ನೋವು ನಿಂತಿತು, ಬಲಗಣ್ಣು ಹೋಯಿತು.

ಅಲ್ಲಿ ನಾನು ಅಳಲಿಲ್ಲ. ಅಳಬೇಡಿ, ಕಣ್ಣಿಗೆ ಒಳ್ಳೆಯದಲ್ಲ ಅಂದಿದ್ದರು.

ಎಡಗಣ್ಣಿನ ಆಪರೇಷನ್ನಿಗೆ ಎರಡು ತಿಂಗಳ ಮೇಲಿನ ದಿನ ಕೊಟ್ಟರು. ಈ ಸಲ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಇರುವುದೊಂದು ಕಣ್ಣು, ಅದಕ್ಕೂ ಕತ್ತಿ ಹಾಕಿಸಿ ಅದೂ ಹೋದರೆ ಗತಿ ಏನು ಅಂತ ಭಾವನವರು ಹೇಳಿ ಕಳಿಸಿದರು. ನನಗೂ ಅದೇ ಯೋಚನೆ. ಮಬ್ಬಾದರೂ ಬಚ್ಚಲಿಗೆ ಹೋಗಿ ಬರುವಷ್ಟು ಕಾಣುತ್ತಿತ್ತು. ಅದೂ ಇಲ್ಲದಿದ್ದರೆ ಕೈ ಹಿಡಿಯುವವರು ಯಾರು, ಎಷ್ಟು ವರ್ಷ? ಹೋಗುವುದಿಲ್ಲ ಅಂತ ಎರಡು ಸಲ ಹಟ ಹಿಡಿದೆ. ನಿಮ್ಮಮ್ಮ ವಾದ ಮಾಡಲಿಲ್ಲ. ಚೀಲಕ್ಕೆ ನನ್ನ ಸೀರೆ ತುಂಬಿದಳು, ಅಷ್ಟೆ.

ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟರು. ಎಚ್ಚರವಿತ್ತು. ಕತ್ತರಿಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಎರಡೂ ಕಣ್ಣಿಗೆ ಪಟ್ಟಿ. ತಲೆಯ ಎರಡೂ ಪಕ್ಕ ಮರಳಿನ ಚೀಲ. ಐದು ದಿನ ಅಂಗಾತ ಮಲಗಿರಬೇಕು. ಹೊರಳಬಾರದು, ಸೀನಬಾರದು, ತಿಣುಕಬಾರದು. ಕೆಮ್ಮಿದರೆ ಹೊಲಿಗೆ ಬಿಡುತ್ತದೆ ಅಂದಿದ್ದರು. ಮೂರನೆಯ ದಿನ ಗಂಟಲಲ್ಲಿ ಕೆಮ್ಮು ಏಳತೊಡಗಿತು. ಮಂಚದ ಕಂಬಿ ಹಿಡಿದುಕೊಂಡು ನುಂಗಿದೆ. ಮತ್ತೆ ಎದ್ದಿತು, ಮತ್ತೆ ನುಂಗಿದೆ. ನಿಮ್ಮ ತಾತ ಹೋದ ದಿನವೂ ನಾನು ದೇವರನ್ನು ಅಷ್ಟು ಕೂಗಿರಲಿಲ್ಲ.

ನಿಮ್ಮಮ್ಮ ಚಮಚದಲ್ಲಿ ರವೆಗಂಜಿ ಕುಡಿಸುತ್ತಿದ್ದಳು. ಕಣ್ಣು ಕಟ್ಟಿದ್ದರಿಂದಲೋ ಏನೋ ನನಗೆ ಮಾತಾಡಲು ಧೈರ್ಯ ಬಂದಿತ್ತು.

"ಊರಲ್ಲಿ ಕೊಬ್ಬರಿ ಯಾರು ಆರಿಸ್ತಾರೋ. ನಾನಿಲ್ದೆ ಕೌಟು ಸೇರ್ಕಂತದೆ," ಅಂದೆ.

ಚಮಚ ನಿಂತಿತು.

"ಅತ್ತೆ, ನೀವು ಆರಿಸಿದ್ಮೇಲೆ ನಾನು ಇನ್ನೊಂದು ಸಲ ಆರಿಸ್ತಿದ್ದೆ."

"ಯಾವಾಗಿಂದ?"

"ಮಂಡಿಯೋರು ಸುರುದ್ರಲ್ಲ, ಆವಾಗಿಂದ."

"ಹೇಳ್ಬಾರದಿತ್ತೇನೇ?"

"ಹೇಳಿದ್ರೆ ಆಮ್ಯಾಲೆ ನೀವು ಎಲ್ಲಿ ಕೂರೋರು?"

ನಾನು ಬಾಯಿ ತೆರೆದೆ. ಅವಳು ಗಂಜಿ ಹಾಕಿದಳು. ಅಷ್ಟು ವರ್ಷ ಅವಳನ್ನು ಬಿರುಸು ಹೆಣ್ಣು ಅಂತ ನೆರೆಯವರ ಹತ್ತಿರ ಅಂದಿದ್ದೇನೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ಹಿಡಿದು ಎಷ್ಟು ಅಂತ ಕೇಳಿದರು. ಎರಡು ಅಂದೆ. ಎರಡೇ ಇದ್ದವಂತೆ.

ಒಂದೂವರೆ ತಿಂಗಳಾದ ಮೇಲೆ ಕನ್ನಡಕ ಬಂತು, ಬಾಟಲಿಯ ತಳದಷ್ಟು ದಪ್ಪ. ತೆಗೆದ ಲೆನ್ಸಿನ ಕೆಲಸವನ್ನು ಈ ಗಾಜು ಮಾಡಬೇಕಂತೆ. ಅದನ್ನು ಹಾಕಿಕೊಂಡು ನೀವು ನಡುಮನೆಯಲ್ಲಿ ತೂರಾಡಿ ನಕ್ಕಿದ್ದಿರಿ. ನನಗೂ ಮೊದಲು ಹಾಗೇ ಆಗಿತ್ತು. ಬಾಗಿಲ ನಿಲುವು ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ಎಲ್ಲವೂ ಇರುವುದಕ್ಕಿಂತ ದೊಡ್ಡದು, ಹತ್ತಿರ. ಲೋಟಕ್ಕೆ ಅಂತ ಹುಯ್ದ ನೀರು ನೆಲಕ್ಕೆ ಬೀಳುತ್ತದೆ. ಪಕ್ಕದಿಂದ ಬಂದವರು ಕಾಣುವುದೇ ಇಲ್ಲ, ಗಾಜಿನ ಎದುರಿಗೆ ತಟ್ಟನೆ ಹುಟ್ಟಿ ನಿಲ್ಲುತ್ತಾರೆ. ಆದರೂ ನಿಮ್ಮ ಮುಖಗಳು ಕಂಡವು. ಚಿಕ್ಕವಳಿಗೆ ಹಲ್ಲು ಬಿದ್ದಿದ್ದು ಅವತ್ತೇ ನನಗೆ ಗೊತ್ತಾದದ್ದು.

ಒಂದು ದಿನ ಕನ್ನಡಿಯನ್ನೂ ನೋಡಿಕೊಂಡೆ. ಬಲಗಣ್ಣಿನ ಕರಿಗುಡ್ಡೆ ಇದ್ದ ಜಾಗದಲ್ಲಿ ಮಾಸಲು ಬಿಳುಪು. ಅಂದಿನಿಂದ ಸೆರಗನ್ನು ಆ ಕಡೆಗೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ. ಮನೆಯವರ ಹೊರತು ಯಾರಿಗೂ ತೋರಿಸಲಿಲ್ಲ.

ಹೋದ ವಾರ ಭಾವನವರು ಜಗಲಿಯಲ್ಲಿ ಕೂತು ನಿಮ್ಮಪ್ಪನ ಜೊತೆ ಮಾತಾಡುತ್ತಿದ್ದರು.

"ನಂಗೂ ಪೊರೆ ಬಲಿತೈತಂತೆ ಕಣ್ಲಾ. ಈ ತಿಂಗ್ಳೇ ಬಾ ಅಂದವ್ರೆ ಡಾಕ್ಟ್ರು. ಕಾಯಿ ಇಳಿಸೋ ಹೊತ್ತಿನಾಗೆ ಎಲ್ಲಿಗೆ ಹೋಗಾನ? ಮುಂದಿನ ವರ್ಷ ನೋಡಿದ್ರಾಯ್ತು."

"ದೊಡ್ಡಪ್ಪ, ಅವ್ವಂದು ಏನಾಯ್ತು ನೋಡಿದ್ರಲ್ಲ..."

"ನಿಮ್ಮವ್ವನ ಹಣೇಬರ ಬ್ಯಾರೆ, ನಂದು ಬ್ಯಾರೆ ಬುಡು."

ನಾನು ಬಾಗಿಲ ಹಿಂದಿದ್ದೆ. ಹೇಗೆ ಹೊಸಿಲು ದಾಟಿದೆನೋ ತಿಳಿಯದು. ಅವರೆದುರಿಗೆ ಹೋಗಿ ನಿಂತೆ. ಸೆರಗು ತೆಗೆದೆ. ಕನ್ನಡಕವನ್ನೂ ತೆಗೆದೆ.

"ನೋಡಿ ಭಾವ," ಅಂದೆ.

ಕನ್ನಡಕವಿಲ್ಲದೆ ನನಗೆ ಎದುರಿಗಿದ್ದದ್ದು ಬರೀ ಮಂಜು. ಅವರ ಮುಖ ಹೇಗಾಯಿತೋ ಕಾಣಲಿಲ್ಲ. ಕೋಪ ಬಂತೋ, ತಲೆ ತಗ್ಗಿಸಿದರೋ. ನಲವತ್ತು ವರ್ಷದಲ್ಲಿ ಮೊದಲ ಸಲ, ಅವರು ನನಗೇ ಅಂತ ಒಂದು ಮಾತು ಆಡಿದರು.

"ಕನ್ನಡಕ ಹಾಕ್ಕ ತಾಯಿ."

ಮೂರನೆಯ ದಿನ ನಿಮ್ಮಪ್ಪ ಅವರನ್ನು ತುಮಕೂರಿಗೆ ಕರೆದುಕೊಂಡು ಹೋದ. ಆಪರೇಷನ್ ಆಗಿದೆ ಅಂತ ಸುದ್ದಿ ಬಂದಿದೆ. ಅವರೂ ಈಗ ಮರಳಿನ ಚೀಲದ ನಡುವೆ ಮಲಗಿರಬೇಕು. ಅವರಿಗೆ ಬೀಡಿಯ ಕೆಮ್ಮು ಬೇರೆ. ನಾಡಿದ್ದು ಪಟ್ಟಿ ಬಿಚ್ಚುತ್ತಾರಂತೆ. ಏನು ಕಾಣುತ್ತದೋ, ಹೇಳಲಾರೆ. ತಡ ಮಾಡದೆ ಹೋದರು, ಅಷ್ಟು ಮಾತ್ರ ಬಲ್ಲೆ.