ಕಲ್ಲಪ್ಪ ಹೊತ್ತ ನೊಗ

ಆ ಮೊಳೆ ನನ್ನದೇ. ಕಲ್ಲಪ್ಪನ ಎತ್ತಿನ ಗೊರಸಿಗೆ ಅದನ್ನು ಹೊಡೆದವನು ನಾನು. ಹೊಡೆದ ಗಳಿಗೆಯಲ್ಲೇ ಅದು ತಪ್ಪಿ ಒಳಗೆ ಹೋಯಿತೆಂದು ತಿಳಿದವನೂ ನಾನು. ಮೂರನೆಯ ದಿನ ಇಡೀ ಓಣಿಯ ಮುಂದೆ ಆ ಗೊರಸನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳಿದವನೂ ನಾನೇ. ಶಿಕ್ಷೆ ಮಾತ್ರ ಕಲ್ಲಪ್ಪನಿಗಾಯಿತು. ಐವತ್ತು ವರ್ಷಕ್ಕೂ ಮೇಲಾಗಿದೆ. ಈ ಮಾತನ್ನು ಕಟ್ಟಿಕೊಂಡ ಹೆಂಡತಿಗೂ ನಾನು ಹೇಳಲಿಲ್ಲ.

ನನ್ನ ಹೆಸರು ಮೌಲಾಸಾಬ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮದು ನಾಲಬಂದರ ಮನೆ. ಎತ್ತು, ಕುದುರೆಗಳ ಕಾಲಿಗೆ ನಾಲ ಕಟ್ಟುವುದು ಅಜ್ಜನ ಕಾಲದಿಂದ ಬಂದ ಕಸುಬು. ಈಗಿನವರಿಗೆ ಅದು ತಿಳಿಯಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎತ್ತನ್ನು ಹಗ್ಗ ಹಾಕಿ ಕೆಡವಬೇಕು, ನಾಲ್ಕೂ ಕಾಲು ಕೂಡಿಸಿ ಕಟ್ಟಬೇಕು, ಗೊರಸಿನ ಎರಡು ಹೋಳಿಗೂ ಒಂದೊಂದು ತೆಳು ಕಬ್ಬಿಣದ ಪಟ್ಟಿ ಕೂಡಿಸಿ ಮೊಳೆ ಹೊಡೆಯಬೇಕು. ಮೊಳೆಯ ತುದಿ ಒಂದು ಮಗ್ಗುಲಿಗೆ ಇಳಿಜಾರಾಗಿರುತ್ತದೆ. ಆ ಇಳಿಜಾರನ್ನು ಒಳಮುಖ ಮಾಡಿ ಹೊಡೆದರೆ ಮೊಳೆ ತಾನಾಗಿ ಹೊರಕ್ಕೆ ತಿರುಗಿ ಗೊರಸಿನ ಗೋಡೆಯಿಂದ ಹಣಿಕಿ ಹಾಕುತ್ತದೆ. ಅದನ್ನು ಮುರಿದು ಬಗ್ಗಿಸಿದರೆ ಕೆಲಸ ಮುಗಿಯಿತು. ತಿರುವುಮುರುವಾಗಿ ಹಿಡಿದರೆ ಮೊಳೆ ಒಳಕ್ಕೆ, ಹಸಿಮಾಂಸಕ್ಕೆ ಹೋಗುತ್ತದೆ. ನಮ್ಮಪ್ಪ ಒಂದೊಂದು ಮೊಳೆಯನ್ನೂ ಹೊಡೆಯುವ ಮೊದಲು ತುಟಿಗೆ ತಾಗಿಸಿ ನೋಡುತ್ತಿದ್ದ. ಕಣ್ಣಿಗೆ ಮೋಸವಾದರೂ ತುಟಿಗೆ ಆಗುವುದಿಲ್ಲ ಅನ್ನುತ್ತಿದ್ದ.

ನಾನು ತುಟಿಗೆ ತಾಗಿಸುತ್ತಿರಲಿಲ್ಲ. ಅಪ್ಪ ತೀರಿಕೊಂಡು ವರ್ಷವಾಗಿತ್ತು, ನನಗೆ ಇಪ್ಪತ್ತೆರಡು, ಊರಿಗೆಲ್ಲ ನಾನೇ ಜಾಣ. ಒಂದು ಬೀಡಿ ಮುಗಿಯುವುದರೊಳಗೆ ಒಂದು ಎತ್ತು ಮುಗಿಸುತ್ತೇನೆಂದು ಬಡಾಯಿ ಕೊಚ್ಚುತ್ತಿದ್ದೆ. ಆ ಭಾನುವಾರ ಸಂಜೆ ಕಲ್ಲಪ್ಪ ಬಂದಾಗಲೂ ಅದೇ ಬಡಾಯಿ ನಡೆದಿತ್ತು — ಸುತ್ತ ನಾಲ್ಕು ಜನ ಕೂತಿದ್ದರು.

ಕಲ್ಲಪ್ಪ ಅಮರಗೋಳದವನು. ಹಳ್ಳಿಗಳಿಂದ ಹತ್ತಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹುಬ್ಬಳ್ಳಿಯ ಜಿನ್ನಿಗೆ, ಬೀಜ ಬಿಡಿಸುವ ಗಿರಣಿಗೆ, ತರುತ್ತಿದ್ದ. ಲಿಂಗವಂತ, ಮಾತು ಕಡಿಮೆ, ಎತ್ತಿನ ಮೇಲೆ ಜೀವ. ಅಪ್ಪನ ಕಾಲದಿಂದಲೂ ನಮ್ಮಲ್ಲೇ ನಾಲ ಕಟ್ಟಿಸುತ್ತಿದ್ದ. ಎತ್ತು ಕೆಡವಿದಾಗ ಅದರ ತಲೆಯ ಹತ್ತಿರ ಕೂತು, ಕೊಂಬು ಹಿಡಿದು, ಕಿವಿಯಲ್ಲಿ ಏನೋ ಹೇಳುತ್ತಿರುತ್ತಿದ್ದ. ಅವತ್ತೂ ಹಾಗೇ ಕೂತಿದ್ದ, ಆದ್ದರಿಂದ ನನ್ನ ಕೈ ಅವನಿಗೆ ಕಾಣಲಿಲ್ಲ.

ಎಡಗಡೆಯ ಮುಂಗಾಲು. ಮೂರನೆಯ ಮೊಳೆ. ಸುತ್ತಿಗೆಯ ಸಪ್ಪಳ ಬದಲಾಯಿತು — ಟಣ್ ಅನ್ನುವುದು ಹೋಗಿ ಹಸಿ ಗೋಡೆಗೆ ಗುದ್ದಿದ ಸಪ್ಪಳ. ತುದಿ ಹೊರಗೆ ಬರಲಿಲ್ಲ. ಮೊಳೆಯ ತಲೆಯ ಸುತ್ತ ಒಂದು ಹನಿ ರಕ್ತ ಕಾಣಿಸಿತು. ಕಿತ್ತು ಬೇರೆ ಹೊಡೆಯಲು ಎಷ್ಟು ಹೊತ್ತು ಬೇಕಿತ್ತು? ಇನ್ನೊಂದು ಅರ್ಧ ಬೀಡಿಯ ಹೊತ್ತು. ಆದರೆ ಕೂತ ನಾಲ್ಕು ಜನ ನಗುತ್ತಿದ್ದರು. ನಾನು ರಕ್ತದ ಮೇಲೆ ಒಂದು ಚಿಟಿಕೆ ಬೂದಿ ಒತ್ತಿ, ಹಗ್ಗ ಬಿಚ್ಚಿ, ಎತ್ತನ್ನು ಎಬ್ಬಿಸಿದೆ.

ಇನ್ನು ದಂಡಿನಪ್ಪನ ಮಾತು. ಆತನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ದಂಡಿನ ಹೇಸರಗತ್ತೆಗಳನ್ನು ನೋಡಿಕೊಂಡು ಬಸ್ರಾದವರೆಗೂ ಹೋಗಿ ಬಂದವನಂತೆ. ಮೈಮೇಲೆ ಬಣ್ಣ ಹೋದ ಖಾಕಿ ಕೋಟು. ಊರೂರು ತಿರುಗುತ್ತಿದ್ದ, ಕೊಟ್ಟವರ ಮನೆಯಲ್ಲಿ ಉಣ್ಣುತ್ತಿದ್ದ. ಹತ್ತಿಯ ಸುಗ್ಗಿಯಲ್ಲಿ ಒಂದೆರಡು ತಿಂಗಳು ಹುಬ್ಬಳ್ಳಿಯಲ್ಲಿರುತ್ತಿದ್ದ, ಏಕೆಂದರೆ ಎತ್ತುಗಳಿಗೆ ಅತಿ ಹೆಚ್ಚು ಏಟು ಬೀಳುವುದು ಆಗಲೇ. ಯಾರಾದರೂ ಎತ್ತಿಗೆ ಮುಳ್ಳುಗೋಲಿನಿಂದ ಚುಚ್ಚುವುದನ್ನು ಕಂಡರೆ ಅಡ್ಡ ನಿಲ್ಲುತ್ತಿದ್ದ, ಕೋಲು ಕಸಿದು ಮುರಿಯುತ್ತಿದ್ದ. ನೊಗ ಉಜ್ಜಿ ಹುಣ್ಣಾದ ಎತ್ತನ್ನು ಬಿಚ್ಚಿಸಿ, ಬೇವಿನ ನೀರಿನಿಂದ ತೊಳೆಯುತ್ತಿದ್ದ. ಮೀರಿ ಹೊಡೆದವನಿಗೆ ಶಿಕ್ಷೆ ಒಂದೇ. ಅವನ ಹೆಗಲ ಮೇಲೆ ನೊಗ ಹೊರಿಸಿ ಪೇಟೆಯ ತುಂಬ ನಡೆಸುತ್ತಿದ್ದ. ಆರಡಿಯ ಆಳು, ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲಾಗಿ ಜನರಿಗೂ ಅದೊಂದು ತಮಾಷೆ.

ಆದರೆ ಆತನಿಗೊಂದು ನೇಮವಿತ್ತು. ತಿಳಿದವನನ್ನು ಕೇಳದೆ ಯಾರಿಗೂ ನೊಗ ಹೊರಿಸುತ್ತಿರಲಿಲ್ಲ.

ಸೋಮವಾರ ಕಲ್ಲಪ್ಪ ಎತ್ತು ಹೂಡುವವನಲ್ಲ. ಅವರಲ್ಲಿ ಆ ದಿನ ಬಸವಣ್ಣನಿಗೆ ಬಿಡುವು. ಎತ್ತು ದಿನವಿಡೀ ಕೊಟ್ಟಿಗೆಯಲ್ಲಿ ನಿಂತಿತ್ತು, ಮೊಳೆಯೂ ಒಳಗೆ ತನ್ನ ಕೆಲಸ ಮಾಡುತ್ತಿತ್ತು. ಕಾಲು ಎತ್ತಿ ಎತ್ತಿ ಇಡುವುದನ್ನು ಅವನು ನೋಡಿದ್ದ — ಹೊಸ ನಾಲ, ಒಂದು ದಿನ ಹೀಗೆ ಮಾಡುತ್ತದೆ ಅಂದುಕೊಂಡ. ನನ್ನ ಕೈಯ ಮೇಲೆ ಅಷ್ಟು ನಂಬಿಕೆ. ಮಂಗಳವಾರ ಹತ್ತಿ ಮುಟ್ಟಿಸಲೇಬೇಕಿತ್ತು, ಹೂಡಿಕೊಂಡು ಬಂದ. ನಮ್ಮ ಅಂಗಡಿಯ ಹತ್ತಿರದ ಏರಿನಲ್ಲಿ ಎತ್ತು ನಿಂತುಬಿಟ್ಟಿತು. ಹಿಂದೆ ಹತ್ತು ಚಕ್ಕಡಿಯವರು ಬೈಯತೊಡಗಿದರು. ಕಲ್ಲಪ್ಪ ಬಾರುಕೋಲು ಎತ್ತಿದ. ಅವನು ಹೊಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು — ಐದೋ ಆರೋ ಏಟು ಹೊಡೆದಿರಬೇಕು. ಏಳನೆಯದಕ್ಕೆ ದಂಡಿನಪ್ಪ ಅವನ ಕೈ ಹಿಡಿದ.

“ನಿನ್ನಿ ದಿನಪೂರ್ತಿ ನಿಂತೈತ್ರಿ,” ಅಂದ ಕಲ್ಲಪ್ಪ. “ಸೋಮವಾರ ನಾ ಎತ್ತ ಹೂಡಂಗಿಲ್ರಿ. ಇವತ್ತ ಯಾಕ ಹಿಂಗ ಮಾಡಾಕತ್ತೈತೋ ತಿಳೀವಲ್ದು. ಕಾಲಾಗ ಏನರ ಆಗೇತೇನ ನೋಡ್ರಿ.”

ದಂಡಿನಪ್ಪ ನನ್ನನ್ನು ಕರೆದ. “ಕಬ್ಬಣದ ಕೆಲಸ ನನಗ ತಿಳಿಯಂಗಿಲ್ಲ, ಸಾಬ. ನೀ ನೋಡು. ನೀ ಏನ್ ಹೇಳ್ತಿ, ಅದ ಖರೆ.”

ನಾನು ಕೂತು ಗೊರಸನ್ನು ತೊಡೆಯ ಮೇಲಿಟ್ಟುಕೊಂಡೆ. ಅದು ಬಿಸಿಯಾಗಿತ್ತು. ಮೂರನೆಯ ಮೊಳೆಯ ಮೇಲೆ ಹೆಬ್ಬೆರಳು ಒತ್ತಿದೆ, ಎತ್ತಿನ ಮೈಯೆಲ್ಲ ನಡುಗಿತು. ಮೊಳೆ ಕೀಳುವ ಚಿಮ್ಮಟ ನನ್ನ ಸೊಂಟದಲ್ಲೇ ಇತ್ತು. ಕಿತ್ತರೆ ಮುಗಿಯುತ್ತಿತ್ತು — ಆದರೆ ಕಿತ್ತ ಮೊಳೆ ಎಲ್ಲರಿಗೂ ಕಾಣುತ್ತಿತ್ತು. ಆಗ ನೊಗ ಯಾರ ಹೆಗಲಿಗೆ? ನಾನು ಹೆದರಿದ್ದು ಅದೊಂದಕ್ಕೇ. ವ್ಯಾಪಾರ ಕೆಡುತ್ತದೆಂದು ಹೆದರಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ನಗುವ ಜನರ ನಡುವೆ ನೊಗ ಹೊತ್ತು ನಡೆಯಲು ಹೆದರಿದೆ.

“ನಾಲ ಬರೋಬರಿ ಐತ್ರಿ,” ಅಂದೆ. “ಕಾಲಿಗೆ ಏನೂ ಆಗಿಲ್ಲ. ಹೊಡತಕ್ಕ ಹೆದರಿ ನಿಂತೈತಿ.”

ಕಲ್ಲಪ್ಪ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ — ನನ್ನ ಮಾತನ್ನು ನಂಬಿದ್ದ! ‘ಹಂಗಾರ ತಪ್ಪು ನಂದ’ ಅನ್ನುವವನ ಹಾಗೆ ತಲೆ ತಗ್ಗಿಸಿದ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡು, ತಾನೇ ಹೆಗಲು ಕೊಟ್ಟ. ಕಮರಿಪೇಟೆಯಿಂದ ಹತ್ತಿಯ ಪೇಟೆಯ ತನಕ ನಡೆದ. ಹಿಂದೆ ಜನ ಸಿಳ್ಳೆ ಹಾಕಿದರು. “ಸೋಮವಾರ ಹೂಡಂಗಿಲ್ಲಂತ, ಮಂಗಳವಾರ ತಾನ ಹೂಡಿಸಿಕೊಂಡಾನ ನೋಡ್ರಿ!” ಎಂದು ಯಾರೋ ಕೂಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ನಾನು ಅದನ್ನು ಮಾಡಿಸಿ, ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ.

ಹತ್ತಿಯನ್ನು ಬೇರೆಯವರ ಎತ್ತುಗಳು ಎಳೆದವು. ಸಂಜೆ ಕಲ್ಲಪ್ಪ ತನ್ನ ಎತ್ತನ್ನು ಹಗ್ಗ ಹಿಡಿದು ಅಮರಗೋಳದವರೆಗೆ ನಡೆಸಿಕೊಂಡು ಹೋದ. ಅಷ್ಟು ದೂರವೂ ಆ ಮೊಳೆ ಅದರ ಕಾಲಲ್ಲೇ ಇತ್ತು. ಕಲ್ಲಪ್ಪನಿಗೆ ಮಾಡಿದ್ದಕ್ಕಿಂತ ಇದೇ ದೊಡ್ಡದೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆ ಮೂಕಪ್ರಾಣಿ ಯಾರಿಗೆ ಹೇಳಬೇಕು…

ಎಂಟು ದಿನದ ಮೇಲೆ ಕಲ್ಲಪ್ಪ ಮತ್ತೆ ಬಂದ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ‘ದಂಡಿನಪ್ಪ ಮೆಚ್ಚಿದ ನಾಲಬಂದ’ ಎಂದು ನನ್ನ ಹೆಸರಾಗಿತ್ತು. ಅವನು ಧೋತರದ ಗಂಟು ಬಿಚ್ಚಿ ಒಂದು ಮೊಳೆಯನ್ನು ನನ್ನ ಅಡಿಗಲ್ಲಿನ ಮೇಲಿಟ್ಟ. ಬಾಗಿತ್ತು, ಕಪ್ಪಾಗಿತ್ತು. ಕೀವು ಸೋರತೊಡಗಿದಾಗ ಅವನೇ ನಾಲ ಕಿತ್ತಿದ್ದನಂತೆ. ನಮ್ಮ ಮನೆಯ ಮೊಳೆಗಳ ತಲೆಯನ್ನು ನಾವೇ ಬಡಿದು ಚೌಕ ಮಾಡುತ್ತಿದ್ದೆವು. ಹುಬ್ಬಳ್ಳಿಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಇದರ ತಲೆಯೂ ಚೌಕ.

“ಮೌಲಾ, ಇದು ಯಾರದಪಾ?” ಅಂದ, ಸಣ್ಣ ದನಿಯಲ್ಲಿ.

“ಇಂಥಾ ಮೊಳಿ ಎಲ್ಲಾರ ಕಡೇನೂ ಇರತಾವು, ಕಲ್ಲಪ್ಪಣ್ಣ.”

ಅವನು ಮೊಳೆಯ ಚೌಕ ತಲೆಯನ್ನು ನನ್ನ ಕಡೆಗೆ ತಿರುಗಿಸಿಟ್ಟ. ಕೂಗಾಡಬಹುದಿತ್ತು; ದಂಡಿನಪ್ಪ ಆಗಿನ್ನೂ ಊರಲ್ಲೇ ಇದ್ದ, ಕರೆದು ತೋರಿಸಬಹುದಿತ್ತು. “ನನ್ನದ ಇರಲಿ ಬಿಡು,” ಅಂದ. “ಎತ್ತಿಗೆ ಏನಂತ ಹೇಳ್ಲಿ?”

 ಅವನು ಮೊಳೆಯನ್ನು ಅಲ್ಲೇ ಬಿಟ್ಟು ಹೋದ. ಮತ್ತೆಂದೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಎತ್ತು ಬದುಕಿತು, ಆದರೆ ಆ ಕಾಲು ಮತ್ತೆ ಸರಿಹೋಗಲಿಲ್ಲ. ಅದನ್ನು ಮಾರಲಿಕ್ಕೆ ಕಲ್ಲಪ್ಪ ಒಪ್ಪಲಿಲ್ಲ, ಸಾಯುವ ತನಕ ಮೇವು ಹಾಕಿದ. ಒಂಟಿ ಎತ್ತಿನಿಂದ ಚಕ್ಕಡಿ ನಡೆಯುವುದಿಲ್ಲ. ಚಕ್ಕಡಿ ಮಾರಿ ಹತ್ತಿಯ ಪೇಟೆಯಲ್ಲಿ ಹಮಾಲಿ ಮಾಡಿದ. ನೊಗ ಹೊತ್ತ ಅದೇ ಹೆಗಲ ಮೇಲೆ, ಸಿಳ್ಳೆ ಹಾಕಿದ ಅದೇ ಜನರ ನಡುವೆ. ಇದನ್ನೆಲ್ಲ ನಾನು ಬೇರೆಯವರಿಂದ ಕೇಳಿ ತಿಳಿದುಕೊಂಡೆ.

ದಂಡಿನಪ್ಪ ಮುಂದೆ ಎರಡು ಸುಗ್ಗಿಗೆ ಬಂದ. ಬಂದಾಗೆಲ್ಲ ನಮ್ಮ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದ. “ಈತ ಖರೇ ಹೇಳೋ ಮನಷ್ಯಾ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ಆತ ಹಾಗೆ ಅಂದಾಗೆಲ್ಲ ನನ್ನ ಕೈ ತಾನಾಗಿ ಹೆಗಲಿಗೆ ಹೋಗುತ್ತಿತ್ತು. ಕೊನೆಯ ಸಲ ಹೊರಡುವಾಗ ಕೇಳಿದ, “ಆ ಅಮರಗೋಳದಾಂವ ಸುಧಾರಿಸ್ಯಾನೇನು?”

“ಸುಧಾರಿಸ್ಯಾನ್ರಿ,” ಅಂದೆ.

ಆತನಿಗೆ ಸಂತೋಷವಾಯಿತು. ಆಮೇಲೆ ಆತ ಬರಲಿಲ್ಲ; ಎಲ್ಲಿ ಸತ್ತನೋ, ಯಾರು ಮಣ್ಣು ಮಾಡಿದರೋ. ಒಳ್ಳೆಯ ಮನುಷ್ಯ. ತಿಳಿದವನನ್ನು ಕೇಳಿಯೇ ಶಿಕ್ಷೆ ಕೊಟ್ಟ, ತಿಳಿದವನು ನಾನಾಗಿದ್ದೆ.

ಈಗ ಯಾಕೆ ಹೇಳುತ್ತಿದ್ದೇನೆ ಅನ್ನುವಿರಿ. ನಾಲ ಕಟ್ಟುವ ಜಾಗದಲ್ಲಿ ಈಗ ನನ್ನ ಮೊಮ್ಮಗ ರಫೀಕನ ಸೈಕಲ್ ಅಂಗಡಿ ಇದೆ. ನಾನು ಸ್ಟೂಲಿನ ಮೇಲೆ ಕೂತಿರುತ್ತೇನೆ. ಹೋದ ವಾರ ಒಬ್ಬ ಮಾಸ್ತರರು ಸೈಕಲ್ ತಳ್ಳಿಕೊಂಡು ಬಂದರು. ರಫೀಕ ಟಾಯರಿನಿಂದ ಮೊಳೆ ಕಿತ್ತು, ಎಲ್ಲರೂ ಮಾಡುವ ಹಾಗೆ, ಅವರ ಕೈಗೆ ಕೊಟ್ಟ. “ನೋಡ್ರಿ ಸರ್, ಇದರ ಕೆಲಸ ಇದು.” ಎಷ್ಟು ಸಲೀಸು! ನನಗೆ ಒಮ್ಮೆಯೂ ಆಗದ ಕೆಲಸ. ಸೈಕಲ್ ಬಿಟ್ಟು ಹೋಗುವಾಗ ಹೆಸರು ಬರೆಸಿದರು: ಶಿವಾನಂದ ನೊಗದ, ಅಮರಗೋಳ.

ನಮ್ಮ ಕಡೆ ಮನೆತನದ ಹೆಸರುಗಳು ಹೀಗೇ ಬೀಳುತ್ತವೆ — ಕಸುಬಿನಿಂದ, ಇಲ್ಲವೇ ಎಂದೋ ನಡೆದ ಒಂದು ಸಂಗತಿಯಿಂದ. ನಾವು ನಾಲಬಂದ. ಅವರು ನೊಗದ.

“ಅದು ಹೆಂಗ ಬಂತ್ರಿ ಆ ಹೆಸರು?” ಎಂದು ಕೇಳಿದೆ. 

“ನಮ್ಮಜ್ಜ ಕಲ್ಲಪ್ಪಂದ್ರಿ. ಛಲೋ ನೊಗ ಮಾಡತಿದ್ದನಂತ. ಸುತ್ತ ಹಳ್ಳಿಯವರೆಲ್ಲಾ ಅವನ ಕಡೇನ ಬರತಿದ್ದರಂತರಿ,” ಅಂದರು, ಅಭಿಮಾನದಿಂದ ನಕ್ಕು.

ಕಲ್ಲಪ್ಪ ಬಡಿಗನಲ್ಲ, ಒಂದು ನೊಗವನ್ನೂ ಮಾಡಿದವನಲ್ಲ. ಜನ ಹಿಂದಿನಿಂದ ‘ನೊಗದ ಕಲ್ಲಪ್ಪ’ ಎಂದು ಕೂಗಿದ್ದು ಮಕ್ಕಳ ಕಿವಿಗೆ ಬಿದ್ದಾಗ, ಅವನೇ ಅವರಿಗಾಗಿ ಈ ಕಥೆ ಕಟ್ಟಿರಬೇಕು. ನನ್ನ ಹೆಸರನ್ನು ಒಮ್ಮೆಯೂ ಎತ್ತಿಲ್ಲ. ಎತ್ತಿದ್ದರೆ ಆ ಮಾಸ್ತರರು ನನ್ನ ಅಂಗಡಿಯ ಮುಂದೆ ನಿಂತು ನಗುತ್ತಿರಲಿಲ್ಲ.

ನಾನು ಬಾಯಿ ಬಿಟ್ಟರೆ ಆ ಮನೆಯವರ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ, ಸುಮ್ಮನಿದ್ದರೇ ಮೇಲು — ಎರಡು ರಾತ್ರಿ ಹೀಗೂ ಯೋಚಿಸಿದೆ. ಹಳೆಯ ಚಾಳಿ. ಸುಮ್ಮನಿರಲು ನನಗೆ ಯಾವಾಗಲೂ ಒಂದು ಕಾರಣ ಸಿಕ್ಕುತ್ತದೆ. ಆ ಹೆಸರು ಸುಳ್ಳು ಕಥೆಯ ಆಸರೆಯಲ್ಲಿ ಬದುಕಬೇಕಾದದ್ದು ನನ್ನಿಂದ. ನೊಗದ ಅನ್ನುವ ಹೆಸರು ನ್ಯಾಯವಾಗಿ ನಮ್ಮ ಮನೆಗೆ ಬರಬೇಕಿತ್ತು.

ಚೌಕ ತಲೆಯ ಆ ಮೊಳೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದನ್ನು ಕಿಸೆಯಲ್ಲಿ ಹಾಕಿಕೊಂಡು ಅಮರಗೋಳಕ್ಕೆ ಹೋಗುತ್ತೇನೆ, ಕಲ್ಲಪ್ಪ ಈಗಿಲ್ಲ, ಅವನ ಮಗನ ಕೈಗೂ ಮೊಮ್ಮಗನ ಕೈಗೂ ಕೊಟ್ಟು, ಇದು ಯಾರದು ಎಂದು ಹೇಳುತ್ತೇನೆ. ಅವರು ಏನು ಮಾಡಿದರೂ ಸರಿ. ಸೋಮವಾರವೇ ಹೋಗುತ್ತೇನೆ. ಅವರ ಮನೆಯಲ್ಲಿ ಈಗಲೂ ಆ ದಿನ ಎತ್ತು ಹೂಡುವುದಿಲ್ಲವಂತೆ.