ಬಾಣವಿಲ್ಲದೆ ಎಳೆದ ಬಿಲ್ಲು

ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಲೆಂದು ನನ್ನ ಹೆಂಡತಿ ಸುಮಾ ಈಚೆಗೆ ಒಂದು ಹೊಸ ಬಗೆಯ ಬಟ್ಟೆ ತಂದಿದ್ದಾಳೆ. ಪ್ಲಾಸ್ಟಿಕ್ ಹಾಳೆ ಬೇಡವೆಂದು ಹತ್ತಿ ಬಟ್ಟೆಗೆ ಜೇನುಮೇಣ ಸವರಿ ಮಾಡಿದ್ದು. ನಾವೀಗ ಇರುವ ಸ್ಟರ್ಲಿಂಗ್‌ನಲ್ಲಿ ಮನೆಯ ಹತ್ತಿರ ಶನಿವಾರ ನಡೆಯುವ ರೈತರ ಸಂತೆಯಲ್ಲಿ ಸಿಕ್ಕಿತಂತೆ. ಕಳೆದ ತಿಂಗಳು ಒಂದು ಬೆಳಿಗ್ಗೆ, ಹಿಟ್ಟು ಉಬ್ಬಿದೆಯೇ ನೋಡೋಣವೆಂದು ಆ ಬಟ್ಟೆ ಎತ್ತಿದೆ. ಮೊದಲು ಮೇಣದ ವಾಸನೆ ಬಂತು, ಅದರ ಬೆನ್ನಿಗೇ ಹುಳಿಹಿಟ್ಟಿನ ವಾಸನೆ. ಈ ಎರಡು ವಾಸನೆಗಳು ಒಟ್ಟಿಗೆ ಇರುವ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಅದು ಫೋರ್ಟ್ ಮಿಲ್‌ನ ಒಂದು ಗ್ಯಾರೇಜು. ಅದರ ಮಾತು ಬಂದೀತೆಂದು ಹೆದರಿ ಎಷ್ಟೋ ವರ್ಷ ಮಾತು ಬದಲಿಸಿಕೊಂಡು ಬಂದವನು ನಾನು.

"ಯಾಕ್ರೀ ಹಾಗೆ ನಿಂತ್ಬಿಟ್ರಿ? ಹಿಟ್ಟು ಕೆಟ್ಟಿದ್ಯಾ?" ಎಂದಳು ಸುಮಾ.

ಹಿಟ್ಟು ಚೆನ್ನಾಗಿಯೇ ಇತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಸುಮಾಳಿಗೆ ಷಾರ್ಲೆಟ್‌ನಲ್ಲಿ ಕೆಲಸವಾಗಿ ನಾವು ಅದರ ಪಕ್ಕದ ಫೋರ್ಟ್ ಮಿಲ್‌ಗೆ ಬಂದೆವು. ನಾನು ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕೂತವನು. ಇಲ್ಲಿ ಹೆಂಡತಿಯ ವೀಸಾಕ್ಕೆ ಅಂಟಿಕೊಂಡು ಬಂದ ಗಂಡ, ಕೆಲಸ ಮಾಡುವಂತಿರಲಿಲ್ಲ. ಮೊದಲ ಆರು ತಿಂಗಳು ಸುಮಾಳ ಅಂಗಡಿ ಚೀಟಿಗಳ ಸ್ಪೆಲ್ಲಿಂಗ್ ತಿದ್ದುವುದರಲ್ಲಿ ಕಳೆದೆ. ಅದನ್ನು ನೋಡಲಾರದೆಯೇ ಇರಬೇಕು, ಕನ್ನಡ ಸಂಘದವರು ವಾರ್ಷಿಕ ಸ್ಮರಣ ಸಂಚಿಕೆಗೆ ಒಂದು ವ್ಯಕ್ತಿಚಿತ್ರ ಬರೆದುಕೊಡಿ ಎಂದರು. ಯಾರ ಮೇಲೆ ಎಂದು ಕೇಳಿದೆ. "ಪಾಟೀಲ್ ಅಂಕಲ್ ಇದ್ದಾರಲ್ಲ, ಬಿಲ್ಲು ರಿಪೇರಿ ಮಾಡೋರು," ಎಂದರು.

ಪಾಟೀಲರು ಧಾರವಾಡದ ಕಡೆಯ ಎಂಜಿನಿಯರ್. ಆಗ ಐವತ್ತು ದಾಟಿದ್ದರು. ವಾರದಲ್ಲಿ ಐದು ದಿನ ಬಟ್ಟೆ ಗಿರಣಿಯ ಯಂತ್ರಗಳ ಜತೆ, ಉಳಿದ ಎರಡು ದಿನ ಗ್ಯಾರೇಜಿನಲ್ಲಿ ಹಳೆಯ ಬೇಟೆ ಬಿಲ್ಲುಗಳ ಜತೆ. ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಸಂಘದ ಊಟದಲ್ಲಿ ಯಾರಾದರೂ, "ಪಾಟೀಲ್ರೇ, ಜಿಂಕೆ ಊಟ ಯಾವಾಗ?" ಎಂದು ಕೆಣಕಿದರೆ, "ಜಿಂಕಿ ನಮ್ಮಾಕಿ ಗುಲಾಬಿ ಗಿಡಾ ತಿಂತಾವ, ನಾ ಬಿಲ್ಲ ತಿಕ್ಕತೀನಿ. ನಾವಿಬ್ಬರೂ ಶಾಕಾಹಾರಿನ," ಎನ್ನುತ್ತಿದ್ದರು.

ಮೊದಲ ದಿನವೇ ನನ್ನ ಅಜ್ಞಾನ ಬಯಲಾಯಿತು. ಹೆದೆ ಬಿಚ್ಚಿಟ್ಟಿದ್ದ ಒಂದು ಬಿಲ್ಲನ್ನು ನನ್ನ ಕೈಗೆ ಕೊಟ್ಟರು. ಕ್ಯಾಲೆಂಡರಿನ ದೇವರುಗಳ ಕೈಯಲ್ಲಿ ಬಿಲ್ಲು ನೋಡಿ ಬೆಳೆದ ನಾನು ಅದೇ ಠೀವಿಯಲ್ಲಿ ಹಿಡಿದು ನಿಂತೆ.

"ಉಲ್ಟಾ ಹಿಡದೀರಿ, ರಿಪೋರ್ಟರ್ ಸಾಹೇಬ್ರ."

ಈ ಜಾತಿಯ ಬಿಲ್ಲಿಗೆ ರಿಕರ್ವ್ ಎನ್ನುತ್ತಾರೆ. ಹೆದೆ ಬಿಚ್ಚಿದರೆ ಅದು ಹಿಂದಕ್ಕೆ ಬಾಗಿಕೊಳ್ಳುತ್ತದೆ. ಹೆದೆ ಏರಿಸುವುದೆಂದರೆ ಅದರ ಮನಸ್ಸಿಗೆ ವಿರುದ್ಧವಾಗಿ ಬಗ್ಗಿಸುವುದು. ಗೊತ್ತಿಲ್ಲದವರು ಅದು ಬಾಗಿದ ಕಡೆಗೇ ಹೆದೆ ಕಟ್ಟಿ ಎಷ್ಟೋ ಒಳ್ಳೆಯ ಬಿಲ್ಲುಗಳನ್ನು ಮುರಿದಿದ್ದಾರಂತೆ. ನಾನು ಬರೆದುಕೊಂಡೆ. ಆಮೇಲೆ ಅವರು ಹೇಳಿದ ಇನ್ನೊಂದು ಮಾತನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದೆ: "ಬಾಣ ಇಲ್ದ ಹೆದೆ ಎಳದು ಬಿಡಬ್ಯಾಡ್ರಿ. ಬಾಣ ಒಯ್ಯೂ ಜೋರೆಲ್ಲಾ ಬಿಲ್ಲಿಗೇ ತಿರಿಗಿ ಹೊಡೀತೈತಿ."

ಅವರು ಬಿಲ್ಲಿಗೆ ಬೆಲೆ ಕಟ್ಟುವುದನ್ನು ನೋಡುವುದೇ ಒಂದು ಪಾಠವಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ಒಂದು ಕಣ್ಣು ಮುಚ್ಚಿ ನೋಡುವರು. ಹಿಡಿಯ ಆಚೀಚಿನ ತೋಳು ತಿರುಚಿದೆಯೇ ಎಂದು. ಮೈಮೇಲಿನ ಕೂದಲೆಳೆಯಂಥ ಗೀರುಗಳಿಗೆ ಹೆದರುತ್ತಿರಲಿಲ್ಲ, ಅದು ಬಣ್ಣದ ಮುಪ್ಪು ಅಷ್ಟೆ. ಯಾರೋ ಉತ್ಸಾಹಿಗಳು ಗುರಿ ನೋಡುವ ಕಡ್ಡಿ ಕೂರಿಸಲು ರಂಧ್ರ ಕೊರೆದಿದ್ದರೆ ಮಾತ್ರ ಮುಖ ಸಿಂಡರಿಸುವರು. ಪಾಲಿಶ್ ಹೆಚ್ಚಾಗಿ ತಿಕ್ಕಿ ಹೊಸದರಂತೆ ಮಾಡಿದ ಬಿಲ್ಲು ಅವರ ದೃಷ್ಟಿಯಲ್ಲಿ ಅರ್ಧ ಬಿಲ್ಲು. ಕೊನೆಯಲ್ಲಿ ಒಂದೇ ಪ್ರಶ್ನೆ: "ಎಳೀಲಿಕ್ಕೆ ಬರ್ತೈತೋ ಇಲ್ಲೋ? ಬಂದ್ರ ಬಿಲ್ಲ. ಇಲ್ಲಂದ್ರ ಗ್ವಾಡಿಗೆ ಹಾಕೂ ಸಾಮಾನ."

ಹನ್ನೊಂದು ವರ್ಷಗಳಲ್ಲಿ ಅವರ ಕೈಯಿಂದ ಗೋಡೆಗೆ ಹೋದ ಬಿಲ್ಲು ಒಂದೂ ಇರಲಿಲ್ಲ. ಇದನ್ನು ಅವರು ಹೇಳಿಕೊಂಡವರಲ್ಲ. ಹೇಳಿದವರು ಶಾಂತಕ್ಕ, ಅವರ ಹೆಂಡತಿ. "ಲಗ್ನಾಗಿ ಇಪ್ಪತ್ತೆಂಟ ವರ್ಷಾತು, ನನ್ನ ಕೈಯಾನ ಗಾಜಿನ ಬಳಿ ಎಷ್ಟ ಒಡದಾವೋ. ಬಿಲ್ಲ ಮಾತ್ರ ಒಂದೂ ಒಡದಿಲ್ಲ."

ನಾನು ನೋಡುತ್ತಿದ್ದ ಕಾಲದಲ್ಲಿ ಬಂದದ್ದು ರೂಥ್ ಅವರ ಬಿಲ್ಲು. ರೂಥ್ ಪಾಟೀಲರ ಕಚೇರಿಯಲ್ಲಿದ್ದು ನಿವೃತ್ತರಾದ ವಿಧವೆ. ಬಿಲ್ಲು ಅವರ ಗಂಡನದು. ಅಪ್ಪನ ಜತೆ ಕಾಡು ತಿರುಗಿ ಬೆಳೆದ ಮಗಳು ನವೆಂಬರಿನ ಹಬ್ಬಕ್ಕೆ ಬರುವವಳಿದ್ದಳು. ಅಪ್ಪನ ಬಿಲ್ಲಿನಿಂದ ಒಂದು ಬಾಣವಾದರೂ ಬಿಡಬೇಕೆಂದು ಅವಳ ಆಸೆ. ಇದರ ಬೆಲೆ ಎಷ್ಟಾದೀತು ಎಂದು ರೂಥ್ ಕೇಳಿದಾಗ ಪಾಟೀಲರು, "ನಿನ್ನ ಮಗಳು ಎಳೆದ ಮೇಲೆ ಹೇಳುತ್ತೇನೆ," ಎಂದು ಇಂಗ್ಲಿಷಿನಲ್ಲಿ ಅಂದರು.

ಹಿಡಿಯ ಮರ ನಮ್ಮ ಬೀಟೆಯ ಹಾಗೆ ಕಪ್ಪುಗೆಂಪು. ತೋಳುಗಳಲ್ಲಿ ಮರದ ತೆಳು ಪಟ್ಟಿ, ಅದರ ಎರಡೂ ಬದಿಗೆ ಫೈಬರ್‌ಗ್ಲಾಸ್ ಹೊದಿಕೆ. ಮೇಲಿನ ತುದಿಯಲ್ಲಿ ಒಂದು ಬೆರಳುದ್ದ ಆ ಹೊದಿಕೆ ಎದ್ದಿತ್ತು. ಪಾಟೀಲರು ಅಂಟು ಇಳಿಸಿ, ಕ್ಲಾಂಪುಗಳಿಂದ ಬಿಗಿದು, ತಾವೇ ಮಾಡಿದ್ದ ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಇಟ್ಟರು. ಒಳಗೆ ನಾಲ್ಕು ಬಲ್ಬು. ಅದರ ಹದವಾದ ಕಾವಿನಲ್ಲಿ ಎರಡು ದಿನ ಒಣಗಬೇಕು. ಆ ಎರಡು ದಿನ ಬಿಡುವಾದಾಗಲೆಲ್ಲ ಹೆದೆಗೆ ಜೇನುಮೇಣ ಉಜ್ಜುತ್ತಾ ಕೂತರು. ಗ್ಯಾರೇಜೆಲ್ಲ ಅದೇ ವಾಸನೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕಾಗಿದೆ, ನೀವು ತಾಳ್ಮೆಯಿಂದ ಬರಬೇಕು. ಡೆಸ್ಕಿನಲ್ಲಿದ್ದಾಗ ಪ್ರತಿ ಚುನಾವಣೆಗೂ ನಾನು 'ಠೇಂಕಾರ' ಎಂಬ ಮಾತನ್ನು ಒಂದಾದರೂ ಶೀರ್ಷಿಕೆಯಲ್ಲಿ ಹಾಕುತ್ತಿದ್ದೆ. ಬಂಡಾಯದ ಠೇಂಕಾರ, ರಣಠೇಂಕಾರ. ಎರಡು ಕಾಲಂ ಅಗಲಕ್ಕೆ ಅಳತೆ ಮಾಡಿದ ಹಾಗೆ ಕೂರುವ ಪದ. ಚಿಕ್ಕಂದಿನಲ್ಲಿ ಹರಿಕಥೆ ದಾಸರು ವೀರನೊಬ್ಬ ಬರಿದೇ ಹೆದೆ ಮಿಡಿದಾಗ ದಿಕ್ಕುಗಳು ನಡುಗಿದವು ಎಂದು ಹೇಳಿ ತಾಳ ಬಡಿಯುತ್ತಿದ್ದರು. ನಮ್ಮ ವೀರರೆಲ್ಲ ಬಾಣ ಹೂಡುವ ಮೊದಲು ಬರೀ ಹೆದೆಯ ಸದ್ದು ಮಾಡಿದವರೇ. ಅಷ್ಟು ಸಲ ಅಚ್ಚು ಹಾಕಿಸಿದ ಆ ಸದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನೋಡದ್ದನ್ನು ನೋಡಿದೆ ಎಂದು, ಕೇಳದ್ದನ್ನು ಕೇಳಿದೆ ಎಂದು ಬರೆಯಬೇಡಿ ಎಂದು ಕಿರಿಯ ವರದಿಗಾರರಿಗೆ ಹೇಳುತ್ತಿದ್ದವನು ನಾನೇ.

ಭಾನುವಾರ ಬೆಳಿಗ್ಗೆ ಪಾಟೀಲರು ಬಿಲ್ಲನ್ನು ಪೆಟ್ಟಿಗೆಯಿಂದ ತೆಗೆದು ಹೆದೆ ಏರಿಸಿದರು. "ಒಂದ ತಾಸ ಹಿಂಗ ಇರ್ಲಿ. ಆಮ್ಯಾಲೆ ಒಂದೊಂದ ಇಂಚ ಎಳದು ನೋಡೂಣು," ಎಂದು ಬೆಂಚಿನ ಮೇಲಿಟ್ಟರು. ಆಗಲೇ ಒಳಗಿನಿಂದ ಶಾಂತಕ್ಕ ಕೂಗಿದರು: "ಹುಬ್ಬಳ್ಳಿ ಫೋನ್ರಿ! ಲಗೂ ಬರ್ರಿ!" ಆ ಕಾಲದಲ್ಲಿ ಊರಿನ ಫೋನೆಂದರೆ ಓಡಲೇಬೇಕು. ಓಡಿದರು.

ಅವರ ಎಚ್ಚರಿಕೆ ಮರೆತುಹೋಗಿತ್ತು ಎಂದು ಇಲ್ಲಿ ಬರೆದರೆ ನೀವು ನಂಬುತ್ತೀರಿ. ಮರೆತಿರಲಿಲ್ಲ. ಗೆರೆ ಎಳೆದ ಪುಟ ನನ್ನ ಜೇಬಿನಲ್ಲೇ ಇತ್ತು. ಒಂದೇ ಸಲ, ಬರೆಯುವುದಕ್ಕಾಗಿ, ಎಂದು ನನಗೆ ನಾನೇ ಪರವಾನಗಿ ಕೊಟ್ಟುಕೊಂಡೆ. ಬಿಲ್ಲನ್ನು ಎತ್ತಿಕೊಂಡೆ, ಈ ಸಲ ಸರಿಯಾಗಿಯೇ ಹಿಡಿದೆ. ಗಲ್ಲದವರೆಗೆ ಎಳೆದೆ. ಬಿಟ್ಟೆ.

ಯಾವ ದಿಕ್ಕೂ ನಡುಗಲಿಲ್ಲ. 'ಟಪ್' ಎಂದಿತು, ಒದ್ದೆ ಟವೆಲು ಒದರಿದ ಹಾಗೆ. ಅದರ ಹಿಂದೆಯೇ ಮೇಲಿನ ತುದಿಯಿಂದ ಇನ್ನೊಂದು ಸಣ್ಣ ಸದ್ದು, ಉಗುರು ಮುರಿದಂತೆ, 'ಚಿಟ್'. ನೋಡಿದೆ. ಅಂಟಿಸಿದ ಜಾಗದಲ್ಲಿ ಒಂದು ಬಿಳಿ ಎಳೆ. ಬಿಲ್ಲನ್ನು ಇದ್ದ ಜಾಗದಲ್ಲೇ ಇಟ್ಟು, ಆ ತುದಿಯನ್ನು ಗೋಡೆಯ ಕಡೆಗೆ ಮಾಡಿ, ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ ತೆರೆದೆ.

ಪಾಟೀಲರು ನಗುತ್ತಾ ಬಂದರು. ತಮ್ಮನ ಮಗಳಿಗೆ ಗಂಡು ಗೊತ್ತಾಗಿತ್ತಂತೆ. ಅದರ ಕಥೆ ಹೇಳುತ್ತಲೇ ಬಿಲ್ಲು ಕೈಗೆತ್ತಿಕೊಂಡರು. ಹೇಳುವುದಕ್ಕೆ ನನಗೆ ಸಮಯವಿತ್ತು. ಅವರು ಒಂದು ಇಂಚು ಎಳೆದರು, ಸಡಿಲಿಸಿದರು. ಎರಡು ಇಂಚು, ಸಡಿಲಿಸಿದರು. ಪ್ರತಿ ಸಲವೂ ನನಗೆ ಸಮಯವಿತ್ತು. ಅರ್ಧದಷ್ಟು ಎಳೆದಾಗ ತುದಿ ಸಿಡಿಯಿತು. ಎದ್ದ ಸಿಬಿರು ಅವರ ಮುಂಗೈ ಮೇಲೆ ಗೀರಿ ರಕ್ತ ಬಂತು.

"ಅಯ್ಯೋ, ಏನಾಯ್ತು ಸಾರ್?" ಎಂದೆ ನಾನು.

ಉತ್ತರ ಗೊತ್ತಿದ್ದೂ ಕೇಳಿದ ಪ್ರಶ್ನೆ ಅದು. ಮಾಡಿದ್ದಕ್ಕಿಂತ, ಮುಚ್ಚಿಟ್ಟದ್ದಕ್ಕಿಂತ, ಆ ಮೂರು ಮಾತು ಇವತ್ತಿಗೂ ನನ್ನ ಕಿವಿ ಬಿಸಿ ಮಾಡುತ್ತವೆ. ಪಾಟೀಲರು ಕೈಗೆ ಬಟ್ಟೆ ಕಟ್ಟಿಕೊಳ್ಳಲೂ ಮರೆತು ಆ ತುದಿಯನ್ನೇ ನೋಡುತ್ತಿದ್ದರು. "ಒಣಗಿಲ್ಲರಿ. ಕಾವ ಕಮ್ಮಿ ಆತು. ನನ್ನ ತಪ್ಪ," ಎಂದರು.

ರೂಥ್ ಅವರ ಮನೆಗೆ ಆ ಮಧ್ಯಾಹ್ನ ಅವರೇ ಹೊರಟರು. ಕೈಗೆ ಪಟ್ಟಿ ಕಟ್ಟಿದ್ದರಿಂದ ನಾನು ಡ್ರೈವ್ ಮಾಡಿದೆ. ರೂಥ್ ಸಿಹಿ ಟೀ ಕೊಟ್ಟರು. ಹಳೆಯ ವಸ್ತು, ಬೇಸರ ಮಾಡಿಕೊಳ್ಳಬೇಡಿ ಎಂದು ಎರಡು ಸಲ ಅಂದರು. ಮೂರನೆಯ ಸಲ ಅನ್ನಲು ಹೋಗಿ ಅಡುಗೆಮನೆಗೆ ಎದ್ದು ಹೋದರು. ಪಾಟೀಲರು ತಮಗೆ ಬರುವ ಇಂಗ್ಲಿಷಿನಲ್ಲಿ, ಒಣಗಿಸಿದ್ದು ನಾನು, ತಪ್ಪು ನನ್ನದು, ಇನ್ನು ಇದು ಗೋಡೆಗೆ ಮಾತ್ರ, ಎಂದು ಬಾಗಿಲ ಕಡೆಗೆ ಹೇಳಿದರು. ನಾನು ಸೋಫಾದ ತುದಿಯಲ್ಲಿ ಕೂತು ಟೀ ಪೂರ್ತಿ ಕುಡಿದೆ.

ಸ್ಮರಣ ಸಂಚಿಕೆಯಲ್ಲಿ ನನ್ನ ಲೇಖನ ಬಂತು. ಅದರಲ್ಲಿ ಹೀಗೊಂದು ವಾಕ್ಯವಿದೆ: "ಅಂಟು ಸರಿಯಾಗಿ ಒಣಗದೆ ಒಂದೇ ಒಂದು ಬಿಲ್ಲು ಅವರ ಕೈಯಲ್ಲಿ ಮುರಿಯಿತು, ಅದನ್ನವರು ಮುಚ್ಚಿಡಲಿಲ್ಲ." ಯುಗಾದಿ ಊಟದ ಸಾಲಿನಲ್ಲಿ ಜನ ನನ್ನ ಬೆನ್ನು ತಟ್ಟಿದರು. "ಸೋಲನ್ನೂ ಬರ್ದಿದ್ದೀರಲ್ಲ, ಎಷ್ಟು ಹಾನೆಸ್ಟ್ ರೈಟಿಂಗು!" ಎಂದರು.

ಪಾಟೀಲರು ಆಮೇಲೆ ಬಿಲ್ಲು ಮುಟ್ಟಲಿಲ್ಲ. ಕ್ಲಾಂಪುಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಬಲ್ಬಿನ ಪೆಟ್ಟಿಗೆ ಗ್ಯಾರೇಜಿನಲ್ಲಿದ್ದ ಹಾಗೆಯೇ ಶಾಂತಕ್ಕನ ಪಾಲಾಯಿತು. ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ಊರಲ್ಲಿ ಇರಲಿಲ್ಲ. ಮರದಲ್ಲಿ ಇಂಗಿದ ಮೇಣದ ವಾಸನೆ ಮಾತ್ರ ಹೋಗಲಿಲ್ಲ. ನಾವು ಸ್ಟರ್ಲಿಂಗ್‌ಗೆ ಬರುವವರೆಗೆ, ನಾಲ್ಕು ಚಳಿಗಾಲ, ಆ ಪೆಟ್ಟಿಗೆಯ ಹಿಟ್ಟಿನ ದೋಸೆ ತಿಂದೆ. "ಇನ್ನೊಂದ ಹಾಕ್ಲ್ಯಾ?" ಎಂದರೆ ಬೇಡವೆನ್ನುತ್ತಿರಲಿಲ್ಲ.

ನಮ್ಮ ಪತ್ರಿಕೆಯಲ್ಲಿ ತಪ್ಪು ಸುದ್ದಿ ಬಂದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುವುದು ನಿಯಮ. ಬೇರೆಯವರ ತಪ್ಪುಗಳ ತಿದ್ದುಪಡಿ ಬರೆಯುವುದರಲ್ಲಿ ನಾನು ಹೆಸರಾಗಿದ್ದೆ.

ಆ ಬೆಳಿಗ್ಗೆ, ಮೇಣದ ಬಟ್ಟೆ ಕೈಯಲ್ಲಿ ಹಿಡಿದೇ, ಸುಮಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿದಳು. "ನನ್ನ ಚೀಟಿಗಳಲ್ಲಿ ಸ್ಪೆಲ್ಲಿಂಗ್ ತಿದ್ತಿದ್ರಲ್ರೀ ನೀವು," ಎಂದಳು. ಆಮೇಲೆ, "ಫೋನ್ ಮಾಡಿ. ನಾನು ದೋಸೆ ಹಾಕಲ್ಲ, ಮೊದಲು ಫೋನ್ ಮಾಡಿ," ಎಂದಳು.

ಪಾಟೀಲರಿಗೆ ಈಗ ಎಂಬತ್ತು ದಾಟಿದೆ. ರೂಥ್ ತೀರಿಕೊಂಡು ಎಷ್ಟೋ ವರ್ಷವಾಯಿತು. ಹಬ್ಬಗಳಿಗೆ ನಾವು ಫೋನ್ ಮಾಡುವುದುಂಟು. ಇದು ಹಬ್ಬವಲ್ಲವಾದ್ದರಿಂದ ಅವರಿಗೆ ಆಶ್ಚರ್ಯವಾಯಿತು. ರೂಥ್ ಅವರ ಬಿಲ್ಲು ನೆನಪಿದೆಯೇ ಎಂದು ಕೇಳಿದೆ.

"ಮರೀಲಿಕ್ಕೆ ಬರ್ತೈತೇನ್ರಿ?"

ಹೇಳಿದೆ. ಅವರ ಮನೆಯ ಟಿವಿಯ ಸದ್ದು ಕೇಳಿಸುತ್ತಿತ್ತು. ಅದು ನಿಂತಿತು.

"ಎಷ್ಟ ಎಳದಿದ್ರಿ?"

"ಗಲ್ಲದ ತನಕ ಸಾರ್."

"ಬಾಣ?"

"ಇರಲಿಲ್ಲ."

"ನಾ ಹೇಳಿದ್ದೆ."

"ಹೇಳಿದ್ರಿ. ಬರ್ಕೊಂಡಿದ್ದೆ."

ಆಮೇಲೆ ಕೇಳಿದರು: "ಹಂಗಾರ ನನ್ನ ಅಂಟ ಹಿಡದಿತ್ತೇನು?"

"ಹಿಡಿದಿತ್ತು ಸಾರ್," ಎಂದೆ ಅವಸರವಾಗಿ.

"ನಿಮಗ ಹೆಂಗ ಗೊತ್ತ?" ದನಿಯಲ್ಲಿ ಸಿಟ್ಟಿರಲಿಲ್ಲ, ಯಂತ್ರದ ಬಗ್ಗೆ ಕೇಳುವಂತೆ ಕೇಳಿದರು. "ಹಂಗ ಬಿಟ್ರ ಹೊಸಾ ಬಿಲ್ಲೂ ಒಡೀತೈತಿ. ಹಿಡದಿತ್ತೋ ಇಲ್ಲೋ, ಇನ್ನ ಯಾರಿಗೂ ಗೊತ್ತಾಗೂದಿಲ್ಲ ನೋಡ್ರಿ."

ಕ್ಷಮೆ ಕೇಳಿದೆ. "ನೀವು ಮದಲ ಬರದಿದ್ದನ್ನ ಎಲ್ಲಾರೂ ಓದ್ಯಾರ. ಇದನ್ನೂ ಬರೀರಿ. ಎಷ್ಟ ಎಳದ್ರಿ ಅನ್ನೂದೂ ಬರೀರಿ," ಎಂದರು. ಬರೆದಿದ್ದೇನೆ.

ವಯಸ್ಸಾದವರು, ಫೋನು ಕೆಳಗಿಟ್ಟರೇ ಹೊರತು ಕಟ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ದೂರದಿಂದ ಅವರ ದನಿ: "ಶಾಂತಾ, ಆ ಬಲ್ಬಿನ ಪೆಟಗಿ ಎಲ್ಲೈತಿ?"

"ಇಲ್ಲೇ ಐತ್ರಿ. ಅದರಾಗ ಹಿಟ್ಟ ಇಟ್ಟೀನಿ."

"ಹಿಟ್ಟ ಹೊರಗ ತಗಿ."